ಚಿಕ್ಕಪ್ಪನ ಪೆನ್ಸಿಲ್ಲೂ ನನ್ನ ಮೂಗೂ

"ನೋಡೋ ದಿವಾಕರ! ಇನ್ಮೇಲೆ ನಾನು ಬರೆದ ಮುಖಕ್ಕೂ ಅಸಲಿ ಮುಖಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇರಲ್ಲ!"

ಚಿಕ್ಕಪ್ಪ ನಂಜುಂಡಯ್ಯ ಎದೆಯುಬ್ಬಿಸಿ ನಿಂತಿದ್ದರು. ಕೈಯಲ್ಲಿ ಪೆನ್ಸಿಲ್, ಪೆನ್ಸಿಲ್ಲಿಗೊಂದು ವಯರು, ವಯರಿನ ತುದಿಗೆ ಹಳೇ ಮಿಕ್ಸಿಯಿಂದ ಮಾಡಿದ ಯಂತ್ರ. ಮೊಬೈಲಿನಲ್ಲಿ ಪಾಠ ನೋಡಿಕೊಂಡು ಮುಖಚಿತ್ರ ಕಲಿಯುತ್ತಿದ್ದರು. ಅವರು ಬರೆದ ಚಿಕ್ಕಮ್ಮನ ಚಿತ್ರವನ್ನು ಬೀದಿಯವರೆಲ್ಲ ಕುಂಬಳಕಾಯಿ ಎಂದದ್ದಕ್ಕೆ ಚಿಕ್ಕಮ್ಮ ವಾರವಿಡೀ ಸಾರಿಗೆ ಉಪ್ಪು ಹಾಕಿರಲಿಲ್ಲ. ಆ ಅವಮಾನಕ್ಕೆ ಹುಟ್ಟಿದ್ದು ಈ ಯಂತ್ರ.

"ಇವತ್ತು ಬೇಡ ಚಿಕ್ಕಪ್ಪ! ಅರಸೀಕೆರೆಯಿಂದ ಹುಡುಗಿ ಮನೆಯವರು ನನ್ನ ನೋಡೋಕೆ ಬರ್ತಿದ್ದಾರೆ!"

"ಅದಕ್ಕೇ ಕಣೋ! ಬೀಗರ ಮುಂದೆ ನಿನ್ನ ಚಿತ್ರ ನೇತುಹಾಕೋಣ. ಅಲ್ಲಾಡಬೇಡ!"

ಹುಡುಗಿ ವಿನುತಾಳ ಫೋಟೋ ನೋಡಿದಾಗಿನಿಂದ ನನಗೆ ಊಟ ಸೇರುತ್ತಿರಲಿಲ್ಲ. ಈ ಸಂಬಂಧ ತಪ್ಪಿದರೆ ನಾನು ಉಳಿಯುವವನೇ ಅಲ್ಲ! ಆದರೂ ಹೋಗಿ ಕೂತೆ. ನನ್ನ ಬುದ್ಧಿಗಿಷ್ಟು!

ಯಂತ್ರ ಗುರ್ ಎಂದಿತು. ಚಿಕ್ಕಪ್ಪ ಮೂಗು ಬರೆದರು, ಸೊಟ್ಟಗೆ. ನನ್ನ ಮೂಗು ಚುರುಕ್ ಎಂದಿತು.

"ಅಯ್ಯಯ್ಯೋ! ಹುಡುಗನ ಮೂಗು ಬಲಗಡೆ ಹೋಯ್ತಲ್ರೀ!" ಎಂದು ಚಿಕ್ಕಮ್ಮ ಚೀರಿದರು.

ಯಂತ್ರ ಚಿತ್ರವನ್ನು ತಿದ್ದುವ ಬದಲು ನನ್ನ ಮುಖವನ್ನೇ ತಿದ್ದುತ್ತಿತ್ತು!

"ಅಷ್ಟೇ ತಾನೆ? ಅಳಿಸಿಬಿಡ್ತೀನಿ," ಎಂದು ಚಿಕ್ಕಪ್ಪ ರಬ್ಬರ್ ಉಜ್ಜಿದರು. ಮೂಗೇ ಮಾಯ!

"ಸೊಟ್ಟಗಾದ್ರೂ ಒಂದಿತ್ತು, ಅದನ್ನೂ ಕಳೆದ್ರಾ!" ಎಂದು ಚಿಕ್ಕಮ್ಮ ಹಣೆ ಚಚ್ಚಿಕೊಂಡರು.

ಮತ್ತೆ ಬರೆದರು, ಬದನೆಕಾಯಿಯಾಯಿತು. ಮತ್ತೆ ಅಳಿಸಿದರು, ಜೊತೆಗೆ ಒಂದು ಹುಬ್ಬೂ ಹೋಯಿತು. ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದು!

ಚಿಕ್ಕಮ್ಮ ಓಡಿಹೋಗಿ ನನ್ನ ಸ್ಟುಡಿಯೋ ಫೋಟೋ, ಕಾರ್ಬನ್ ಹಾಳೆ ತಂದರು. "ಇದರ ಮೇಲೇ ತಿದ್ರೀ!" ಚಿಕ್ಕಪ್ಪ ಫೋಟೋದ ಗೆರೆಗಳನ್ನೇ ತಿದ್ದಿ ಚಿತ್ರದ ಹಾಳೆಗೆ ಇಳಿಸಿದರು. ಸ್ಟುಡಿಯೋದವನು ಮೊದಲೇ ಮೆರುಗು ಕೊಟ್ಟಿದ್ದ ಫೋಟೋ ಅದು. ಕನ್ನಡಿ ನೋಡಿದರೆ ನನಗೇ ನಾಚಿಕೆಯಾಗುವಷ್ಟು ಚೆಂದ!

"ನನ್ನ ಕಂದ! ಯಾರ ಕಣ್ಣೂ ಬೀಳದಿರಲಿ!" ಎಂದು ಚಿಕ್ಕಮ್ಮ ಚಿತ್ರದ ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು ಒತ್ತಿಯೇಬಿಟ್ಟರು. ಯಂತ್ರ ಆರಿಸಿರಲಿಲ್ಲ! ನನ್ನ ಕೆನ್ನೆಯಲ್ಲಿ ಹೆಬ್ಬೆರಳಿನಗಲದ ಕರಿ ಮಚ್ಚೆ ಮೂಡಿತು. ಅಳಿಸಿದರೆ ಕೆನ್ನೆಯೇ ತೂತಾದೀತೆಂದು ಹಾಗೇ ಬಿಟ್ಟೆವು.

ಅಪ್ಪನೊಡನೆ ಒಳಗೆ ಬಂದ ವಿನುತಾ ನಡೆದದ್ದೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಈ ಮನೇಲಿ ಬೇಜಾರಂತೂ ಆಗಲ್ಲ. ನಂಗೊಪ್ಪಿಗೆ. ಆದ್ರೆ ಅಪ್ಪ ಹೂಂ ಅನ್ಬೇಕು!"

ಅವಳ ಅಪ್ಪನ ತಲೆ ಪೂರ್ತಿ ಬೋಳು. ಅವರ ಕಣ್ಣೆಲ್ಲ ಯಂತ್ರದ ಮೇಲೆಯೇ. "ಕೂದ್ಲು ಬರೀಬಹುದಾ ಸ್ವಾಮಿ?"

"ಅದಕ್ಕೇನಂತೆ ಬೀಗರೇ, ಕೂತ್ಕೊಳ್ಳಿ!" ಚಿಕ್ಕಪ್ಪ ಹೊಸ ಹಾಳೆ ತೆಗೆದರು.

ಈಗ ಅವರಿಗೆ ಸೊಂಪಾದ ಕೂದಲು. ಒಪ್ಪಿಗೆ ಕೇಳುವುದೊಂದೇ ಬಾಕಿ. ಕೂಗಿ ಕೂಗಿ ನಮ್ಮ ಗಂಟಲು ಬಿದ್ದಿದೆ. ಕೂದಲು ಬರೆಯುವ ಭರದಲ್ಲಿ ಚಿಕ್ಕಪ್ಪ ಅವರ ಕಿವಿಗಳನ್ನು ಅಳಿಸಿದ್ದಾರೆ. ಕಿವಿ ಬರೆಯುವ ಪಾಠ ಚಿಕ್ಕಪ್ಪ ಇನ್ನೂ ನೋಡಿಲ್ಲ.