ಮಧ್ಯಮ ಸೈಜಿನ ಉಂಗುರ

ಎಲ್ಲ ಎಡವಟ್ಟಿಗೂ ಕಾರಣ ಅವನ ಗಂಟಲು. ಔಷಧ ಕಂಪನಿಯ ಆ ರಸಾಯನತಜ್ಞನಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಿ ಗೊತ್ತೇ ಇರಲಿಲ್ಲ.

"ಉಂಗುರ ಇವತ್ತೇ ಆಗತ್ತೆ ಸರ್! ಸಣ್ಣದು ಸಲೀಸು, ದೊಡ್ಡದೂ ಹೇಗೋ ಆಗತ್ತೆ. ಈ ಮಧ್ಯಮ ಸೈಜೇ ಪ್ರಾಣ ತಿನ್ನೋದು!" ಎಂದು ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು ಕೂಗಿದ. ಎಂಟು ಪರಮಾಣುಗಳು ಕೈಕೈ ಹಿಡಿದು ಸುತ್ತ ನಿಲ್ಲಬೇಕಾದ ಉಂಗುರ ಅದು; ಹೊಸ ಮಾತ್ರೆಯೊಂದರ ಜೀವಾಳ. ಇವತ್ತು ಆಗದಿದ್ದರೆ ಆ ಕೆಲಸ ಪಕ್ಕದ ಮೇಜಿನವನ ಪಾಲು, ಇವನು ಬಾಟಲಿಗಳಿಗೆ ಚೀಟಿ ಅಂಟಿಸಿಕೊಂಡಿರಬೇಕು ಎಂದು ಬಾಸ್ ಹೇಳಿಯಾಗಿತ್ತು.

ಎದುರುಮನೆಯ ಅಕ್ಕನ ಕಿವಿಗೆ ಇಷ್ಟು ಬಿದ್ದದ್ದೇ ಸಾಕಾಯಿತು. ಅವನು ಬೀದಿ ದಾಟುವ ಮೊದಲೇ ಆಕೆ ಅವನ ಅಡುಗೆಮನೆಯಲ್ಲಿ, ಅವನ ಹೆಂಡತಿಯ ಮುಂದಿದ್ದಳು. "ನಿಮ್ಮನೆಯವ್ರು ಉಂಗುರ ಮಾಡಿಸ್ತಿದಾರೆ ಕಣೇ! ಮಧ್ಯಮ ಸೈಜಂತೆ. ನಿನ್ನ ಬೆರಳು ನೋಡಿದ್ರೆ ಸಾಲಲ್ಲ ಅನ್ಸತ್ತೆ."

ಅವನು ಮರೆತುಹೋದ ಊಟದ ಡಬ್ಬಿಯ ನೆಪದಲ್ಲಿ ಮಧ್ಯಾಹ್ನ ಇಬ್ಬರೂ ಪ್ರಯೋಗಾಲಯಕ್ಕೇ ಬಂದರು.

"ಉಂಗುರ ಎಲ್ಲಿಗೆ ಬಂತು?" ಹೆಂಡತಿ ನಾಚುತ್ತ ಕೇಳಿದಳು.

ಮದುವೆಯಾದಾಗಿನಿಂದ ಅವಳು ಅವನ ಕೆಲಸದ ವಿಚಾರ ಕೇಳಿದ್ದು ಇದೇ ಮೊದಲು. ಅವನು ಹಿಗ್ಗಿ ಹೀರೇಕಾಯಿಯಾದ. "ಎರಡು ತುದಿ ಸೇರಿದ್ರೆ ಮುಗೀತು! ಅವಸರ ಮಾಡ್ಬಾರ್ದು ಅಷ್ಟೆ. ಅದಕ್ಕೇ ಹನಿ ಹನಿಯಾಗಿ ಬಿಡ್ತಿದೀನಿ."

"ಸ್ವಲ್ಪ ಸಡಿಲಾನೇ ಇರ್ಲಿ ಬಿಡಿ," ಎಂದಳು ಅವಳು.

ಅಷ್ಟರಲ್ಲಿ ಅಕ್ಕ ಗಾಜಿನ ಪಾತ್ರೆಯ ಹತ್ತಿರ ಹೋಗಿಯಾಗಿತ್ತು. "ಇದೇನಪ್ಪ, ಹೀಗೆ ತೊಟ್ಟಿಕ್ತಾ ಕೂತ್ರೆ ಯಾವ ಕಾಲಕ್ಕೆ ಆಗೋದು?" ಎನ್ನುತ್ತ ಮೇಲಿನ ನಲ್ಲಿಯನ್ನು ಪೂರ್ತಿ ತಿರುಗಿಸಿಯೇಬಿಟ್ಟಳು. ಗೊಳಗೊಳ ಎಂದು ಎಲ್ಲವೂ ಒಂದೇ ಸಲ ಇಳಿಯಿತು. ತಿಳಿನೀರಿನಂತಿದ್ದದ್ದು ನೋಡನೋಡುತ್ತ ಗೋಂದಿನ ಮುದ್ದೆಯಾಯಿತು.

ಬಾಗಿಲಲ್ಲಿ ಬಾಸ್ ನಿಂತಿದ್ದರು. "ಏನಯ್ಯಾ, ಉಂಗುರ ಆಯ್ತಾ?"

"ಇಲ್ಲ ಸರ್... ಒಂದರ ತುದಿ ಇನ್ನೊಂದು ಹಿಡ್ಕೊಂಡು, ಎಲ್ಲಾ ಉದ್ದಕ್ಕೆ ಸರ ಆಗ್ಬಿಟ್ಟಿದೆ."

"ಗೋಂದು ನೀನೇ ಮಾಡ್ಕೊಂಡಿದೀಯಲ್ಲ, ನಾಳೆಯಿಂದ ಚೀಟಿ ಅಂಟಿಸು," ಎಂದು ಅವರು ಹೊರಟುಹೋದರು.

ಅವನು ತಲೆ ತಗ್ಗಿಸಿ ನಿಂತ. ಹೆಂಡತಿ ಬಂದು ತೋಳು ಹಿಡಿದಳು. ಅವಳ ಕಣ್ಣು ತುಂಬಿತ್ತು. ತನ್ನ ಕಷ್ಟಕ್ಕೆ ಮರುಗಲು ಒಂದು ಜೀವವಾದರೂ ಇದೆಯಲ್ಲ ಎಂದು ಅವನಿಗೆ ಅಳುವೇ ಬಂತು.

'ಸರ' ಎಂಬ ಮಾತಿನ ನಂತರ ಅವಳ ಕಿವಿಗೆ ಏನೂ ಬಿದ್ದಿರಲಿಲ್ಲ.

"ಬರೀ ಉಂಗುರ ಅಂದ್ಕೊಂಡಿದ್ದೆ ಕಣ್ರೀ," ಎಂದಳು ಗದ್ಗದಿಸುತ್ತ. "ಒಂದೆಳೇದೋ, ಎರಡೆಳೇದೋ?"