ಮೂರನೇ ಮುದ್ದೆ ಮತ್ತು ಎರಡು ಎಂಜಿನ್ನಿನ ಭಾವ

ನಮ್ಮ ಭಾವನವರ ಪ್ರಕಾರ ಈ ಲೋಕದಲ್ಲಿ ಯಾವುದೂ ಒಂದೇ ಇರಬಾರದು. ಎರಡಿರಬೇಕು! ಎರಡು ಕೈಗೂ ಗಡಿಯಾರ. ಮೂಗಿನ ಮೇಲೊಂದು ಕನ್ನಡಕ, ಜೇಬಿನಲ್ಲಿ ಇನ್ನೊಂದು. ಬೇಸಿಗೆಯಲ್ಲೂ ಎರಡು ಕೊಡೆ. ಹೆಂಡತಿ ಮಾತ್ರ ಒಬ್ಬಳೇ. ಆದರೆ ನಮ್ಮಕ್ಕ ಇಬ್ಬರಷ್ಟು ಮಾತಾಡುವುದರಿಂದ ಅಲ್ಲಿಯೂ ನಿಯಮ ಮುರಿದಿಲ್ಲ.

ಇದು ಹುಚ್ಚಲ್ಲ, ಕಸುಬು. ಭಾವ ಪೈಲಟ್. ಕಂಪನಿಯ ಕೆಲಸ ಬಿಟ್ಟ ಮೇಲೆ ಹುಡುಗರಿಗೆ ಎರಡು ಎಂಜಿನ್ನಿನ ಪುಟ್ಟ ವಿಮಾನ ಓಡಿಸುವುದನ್ನು ಕಲಿಸುತ್ತಿದ್ದರು. ಕನ್ನಡಕ ಹಾಕುವ ಪೈಲಟ್ ಇನ್ನೊಂದು ಕನ್ನಡಕವನ್ನು ಕೈಗೆಟುಕುವಂತೆ ಇಟ್ಟುಕೊಳ್ಳಲೇಬೇಕಂತೆ. ಎರಡನೇ ಕೊಡೆ ಯಾವ ನಿಯಮವೋ ನಾನು ಕೇಳಲಿಲ್ಲ. ಕೇಳಿದರೆ ಉತ್ತರವೂ ಎರಡು ಸಲ ಬರುತ್ತದೆ!

ಒಮ್ಮೆ ಅವರ ಕಾರಿನಲ್ಲಿ ಹೊಸಕೋಟೆಗೆ ನಾಮಕರಣಕ್ಕೆ ಹೊರಟೆವು. ಭಾವ ಕಾರಿನ ಸುತ್ತ ಪ್ರದಕ್ಷಿಣೆ ಹಾಕಿದರು, ಬಗ್ಗಿ ಅದರ ಹೊಟ್ಟೆ ನೋಡಿದರು. ನೆಲಮಂಗಲದಲ್ಲಿ ಟಯರ್ ಅಂಗಡಿ ಇಟ್ಟು ತಲೆ ನರೆತ ನನ್ನ ಎದುರೇ ಟಯರ್ ಒದ್ದು ಪರೀಕ್ಷೆ ಮಾಡಿದರು! ಕೊನೆಗೆ ನನ್ನ ಕಡೆ ತಿರುಗಿದರು.

“ರಾತ್ರಿ ಸರಿಯಾಗಿ ನಿದ್ದೆ ಮಾಡಿದ್ಯೇನಯ್ಯಾ? ನೆಗಡಿ, ತಲೆಸುತ್ತು ಏನಾದ್ರೂ?”

“ಭಾವ, ನಾನು ಹಿಂದಿನ ಸೀಟಲ್ಲಿ ಕೂತ್ಕೊಳೋನು!”

“ಅಪಾಯ ಬಂದಾಗ ಬಾಗ್ಲು ತೆಗಿಯೋನು ನೀನೇ ಅಲ್ವಾ?”

ನಾವು ಹೊಸಕೋಟೆ ತಲುಪುವ ಹೊತ್ತಿಗೆ ಮಗುವಿಗೆ ಹೆಸರಿಟ್ಟು, ಎಲ್ಲರೂ ಉಂಡು, ಮಗು ಆ ಹೆಸರಿಗೆ ಓಗೊಡುವುದೊಂದೇ ಬಾಕಿ ಇತ್ತು.

ಇನ್ನೊಂದು ದಿನ ಅವರ ಅರಿಶಿನಕುಂಟೆಯ ಮನೆಯಲ್ಲಿ ನನಗೆ ಪಾಠ ನಡೆದಿತ್ತು. “ಒಂದು ಎಂಜಿನ್ ಕೆಟ್ರೆ ಜನ ಸಾಯೋದು ಎಂಜಿನ್ನಿಂದಲ್ಲ ಕಣಯ್ಯಾ, ಗಾಬರಿಯಿಂದ. ಗಾಬರೀಲಿ ಚೆನ್ನಾಗಿರೋ ಎಂಜಿನ್ನನ್ನೇ ಆರಿಸಿಬಿಡ್ತಾರೆ! ವಿಮಾನ ಕೆಟ್ಟಿರೋ ಕಡೆಗೆ ಎಳೆಯುತ್ತೆ. ಮೊದಲು ಕಾಲಲ್ಲಿ ಪೆಡಲ್ ಒತ್ತಿ ನೇರ ಮಾಡು. ಯಾವ ಕಾಲಿಗೆ ಕೆಲಸ ಇಲ್ವೋ ಆ ಕಡೆ ಎಂಜಿನ್ ಸತ್ತಿದೆ. ಮೊದಲು ಗುರುತಿಸು, ಆಮೇಲೆ ಖಚಿತ ಮಾಡ್ಕೋ, ಆಮೇಲೆ ಆರಿಸು.”

ಅಷ್ಟರಲ್ಲಿ ಅಡುಗೆಮನೆಯಿಂದ ಸುಟ್ಟ ವಾಸನೆ. ಒಳಗೆ ಮಿಕ್ಸಿ, ಗ್ರೈಂಡರ್ ಎರಡೂ ಓಡುತ್ತಿದ್ದವು. ಭಾವ ಬಾಗಿಲಲ್ಲಿ ನಿಂತು ಬೆರಳೆತ್ತಿದರು. “ತಡಿಯೇ, ಮೊದಲು ಗುರುತಿಸೋಣ. ಮಿಕ್ಸಿನೋ? ಗ್ರೈಂಡರೋ?”

ಅಕ್ಕ ಮೇನ್ ಸ್ವಿಚ್ಚನ್ನೇ ಕೆಳಗೆಳೆದಳು. “ಎರಡೂ ಸತ್ತೋ. ಈಗ ನಿಧಾನಕ್ಕೆ ಖಚಿತ ಮಾಡ್ಕೊಳ್ಳಿ!”

ಆದರೆ ಇಂಥ ಭಾವ ನಡುಗುತ್ತಿದ್ದುದು ಒಂದಕ್ಕೇ: ಆರು ತಿಂಗಳಿಗೊಮ್ಮೆ ಬರುವ ವೈದ್ಯಕೀಯ ಪರೀಕ್ಷೆಗೆ. ಕಣ್ಣು, ಕಿವಿ, ಎದೆ, ರಕ್ತ, ಎಲ್ಲ ಸರಿಯಿದ್ದು ಡಾಕ್ಟರು ‘ಫಿಟ್’ ಎಂದರೆ ಆಕಾಶ, ಇಲ್ಲದಿದ್ದರೆ ಅರಿಶಿನಕುಂಟೆ! ಆ ದಿನ ಹತ್ತಿರವಾದಂತೆ ಮನೆಗೆ ಉಪ್ಪು ಬರುತ್ತಿರಲಿಲ್ಲ. ಬೆಕ್ಕಿಗೂ ಸಪ್ಪೆ ಅನ್ನ. ಬೆಕ್ಕು ಪಕ್ಕದ ಮನೆಗೆ ಸಂಸಾರ ಬದಲಾಯಿಸಿತು.

ಈಗ ನನ್ನ ಪಾಪಕ್ಕೆ ಬರುತ್ತೇನೆ.

ಭಾವ ಹಾರಿದ ದಿನವೆಲ್ಲ ಅಕ್ಕ ಮೇಲೆ ನೋಡುತ್ತಿರಲಿಲ್ಲ. ವಿಮಾನದ ಸದ್ದಾದರೆ ತಲೆ ತಗ್ಗಿಸಿ ಒಳಗೆ ಹೋಗಿಬಿಡುತ್ತಿದ್ದಳು. ಅಷ್ಟು ಮಾತಿನವಳು ಇದೊಂದನ್ನು ಮಾತ್ರ ಗಂಡನಿಗೆ ಹೇಳಿರಲಿಲ್ಲ. ನನ್ನ ಮಗಳ ಮದುವೆಯ ಬೀಗರ ಊಟದ ದಿನ ನನ್ನನ್ನು ಮೂಲೆಗೆ ಕರೆದಳು. ಮರುದಿನವೇ ಭಾವನ ಪರೀಕ್ಷೆ.

“ಲೇ, ಹೆಂಗಾದ್ರೂ ಮಾಡು, ಈ ಸಲ ಅವರು ಪಾಸಾಗ್ಬಾರ್ದು ಕಣೋ. ವಯಸ್ಸಾಯ್ತು. ನಂಗೆ ಎದೆ ತಡಿಯಲ್ಲ.”

ಬೀಗರ ಊಟದಲ್ಲಿ ಬಲವಂತ ಮಾಡದೆ ಬಡಿಸಿದರೆ ಅದು ಊಟವೇ ಅಲ್ಲ, ಅವಮಾನ. ನನಗೆ ಇನ್ನೇನು ಬೇಕು? ಭಾವ ಎಲೆಯ ಮುಂದೆ ಕೂತು, “ನಂಗೆ ಮೊಸರನ್ನ ಸಾಕಪ್ಪಾ” ಅಂದರು. ನಾನು ಬೀಗರಿಗೆ ಕಣ್ಸನ್ನೆ ಮಾಡಿದೆ.

“ಏನ್ ಸ್ವಾಮಿ, ಆಕಾಶದಲ್ಲಿ ಓಡಾಡೋರಿಗೆ ನಮ್ ಮುದ್ದೆ ರುಚಿಸಲ್ವಾ?” ಎಂದು ಬೀಗರು ಗುಡುಗಿದರು.

ಭಾವ ಸೋತರು. “ಸರಿ, ಎಡಕ್ಕೊಂದು ಬಲಕ್ಕೊಂದು ಹಾಕಿ. ತೂಕ ಸಮ ಇರ್ಲಿ.”

ಎರಡು ಮುದ್ದೆ, ಮೇಲೆ ಮಟನ್ ಸಾರು, ಪಕ್ಕದಲ್ಲಿ ಬೋಟಿ ಗೊಜ್ಜು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮೂರನೆಯದನ್ನು ನನ್ನ ಕೈಯಾರೆ ಹಾಕಿದೆ. ಭಾವ ನನ್ನ ಮುಖ ನೋಡಿದರು, ನನ್ನ ಹಿಂದಿನ ಕಂಬದ ಕಡೆಗೂ ನೋಡಿದರು. ಆಮೇಲೆ ಅದನ್ನೂ ಮುರಿದು ನುಂಗಿದರು.

ಮರುದಿನ ಅಕ್ಕ ಇನ್ನೂ ನಮ್ಮ ಮನೆಯಲ್ಲೇ ಇದ್ದಾಗ ಭಾವನ ಫೋನ್ ಬಂತು. “ಫಿಟ್ ಕಣಯ್ಯಾ! ಎಲ್ಲಾ ಫಿಟ್!”

ಅಕ್ಕ ನನ್ನನ್ನು ಸುಟ್ಟುಬಿಡುವಂತೆ ನೋಡಿದಳು. “ಒಂದು ಮುದ್ದೆ ನೆಟ್ಟಗೆ ಹಾಕೋಕ್ ಬರಲ್ಲ ನಿಂಗೆ!”

ಕೆಲವು ವಾರಗಳಾದ ಮೇಲೆ ನಾನು ಅಕ್ಕನ ಮನೆಯಲ್ಲಿದ್ದಾಗ ಭಾವ ಮಧ್ಯಾಹ್ನವೇ ಬಂದುಬಿಟ್ಟರು. ಚೀಲವನ್ನು ಜಗಲಿಯ ಮೇಲಿಟ್ಟು ಕೂತರು.

“ಇನ್ಮೇಲೆ ಹೋಗಲ್ಲ” ಎಂದರು.

“ಯಾಕ್ ಭಾವ? ಡಾಕ್ಟ್ರು ಪಾಸ್ ಮಾಡಿದ್ರಲ್ಲ?”

“ಡಾಕ್ಟ್ರು ಮಾಡಿದ್ರು. ನಾನು ಮಾಡ್ಲಿಲ್ಲ.”

ಎರಡು ಎಂಜಿನ್ ಒಂದೇ ವೇಗದಲ್ಲಿ ತಿರುಗದಿದ್ದರೆ ಸದ್ದು ಅಲೆಅಲೆಯಾಗಿ ಏರಿಳಿಯುತ್ತದಂತೆ. ಕಿವಿಗೊಟ್ಟು, ಆ ಅಲೆ ಅಡಗುವವರೆಗೆ ಸರಿಮಾಡಬೇಕು. ಅಂದು ಕಲಿಯುವ ಹುಡುಗಿ, “ಸರ್, ಸದ್ದು ಅಲೆಅಲೆಯಾಗಿ ಬರ್ತಾ ಇದೆ” ಅಂದಳಂತೆ. ಭಾವನಿಗೆ ಕೇಳಿಸಲಿಲ್ಲ. ವಿಮಾನ ತಿರುಗಿಸಿ ಇಳಿಸಿದವರೇ ನೇರ ಡಾಕ್ಟರ ಬಳಿ ಹೋಗಿ, “ನನ್ನ ಕಿವಿ ಮತ್ತೆ ನೋಡಿ” ಎಂದರಂತೆ. ಅಷ್ಟೇ ವಾರಗಳಲ್ಲಿ ಎಡಗಿವಿ ಮಂದವಾಗಿ, ಬಲಗಿವಿಯೂ ದೂರದ ಸದ್ದು ಹಿಡಿಯದಾಗಿತ್ತಂತೆ. ಮುಚ್ಚಿಟ್ಟಿದ್ದರೆ ಮುಂದಿನ ಪರೀಕ್ಷೆಯವರೆಗೆ ಯಾರು ಕೇಳುತ್ತಿದ್ದರು?

ನನಗೆ ಆ ಮೂರನೇ ಮುದ್ದೆ ನೆನಪಾಯಿತು. “ಭಾವ, ತಪ್ಪಾಯ್ತು. ಅವತ್ತು ನಾನು ಬೇಕಂತಲೇ...”

“ಗೊತ್ತು ಬಿಡಯ್ಯಾ. ನೀನು ಹಾಕುವಾಗ ನಿಮ್ಮಕ್ಕ ಕಂಬದ ಹಿಂದೆ ದೇವರಿಗೆ ಕೈ ಮುಗ್ಕೊಂಡು ನಿಂತು ನೋಡ್ತಿದ್ಲು. ಇಷ್ಟು ವರ್ಷ ಇವಳಿಗೆ ಇಷ್ಟೊಂದು ಭಯ ಇತ್ತು ಅಂತ ಅವತ್ತೇ ಗೊತ್ತಾಗಿದ್ದು. ಅದಕ್ಕೇ ತಿಂದೆ.”

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಗೆದ್ದವಳ ಮುಖವಾಗಿರಲಿಲ್ಲ ಅದು. ಬಂದು ಭಾವನ ಎಡಕ್ಕೆ ಕೂತು ಏನೋ ಹೇಳಿದಳು. ಅವರು ತಿರುಗಲಿಲ್ಲ. ಎದ್ದು ಬಲಕ್ಕೆ ಬಂದು ಕೂತಳು.

ಆಗ ಮೇಲೆ ಪುಟ್ಟ ವಿಮಾನವೊಂದು ಹಾದುಹೋಯಿತು. ಭಾವನಿಗೆ ತಿಳಿಯಲಿಲ್ಲ. ಅಕ್ಕ ಎದ್ದು ಒಳಗೆ ಹೋಗಲಿಲ್ಲ. ಅವರ ಮೊಣಕಾಲು ತಟ್ಟಿ ಆಕಾಶಕ್ಕೆ ಕೈ ತೋರಿಸಿದಳು.

“ನೋಡ್ರೀ, ಅಲ್ಲೋಗ್ತೈತೆ.”

ಭಾವ ಹಣೆಗೆ ಕೈಯಿಟ್ಟು ನೋಡಿದರು. “ಎರಡು ಎಂಜಿನ್ನೇ ಕಣೇ. ಸದ್ದು ಹೆಂಗಿದೆ?”

ಅಕ್ಕ ತಲೆಯೆತ್ತಿ, ಕಣ್ಣು ಮುಚ್ಚಿ, ಬಹಳ ಹೊತ್ತು ಕೇಳಿದಳು.

“ಎರಡೂ ಒಂದೇ ಸಮ ಕೇಳ್ತೈತೆ” ಎಂದಳು.