ಸ್ಪೇನಿನ ಬಾಟಲಿಗೆ ಹೊಂದುವ ಊಟ

ತಯಾರಿಯಿಲ್ಲದೆ ಯಾವ ಕೆಲಸಕ್ಕೂ ಕೈಹಾಕುವ ಜಾಯಮಾನ ನನ್ನದಲ್ಲ. ಹಳ್ಳಿಯಿಂದ ಬಂದು ಮನೆಗೇ ಮೊದಲ ಪದವಿ ತಂದವನು ನಾನು. ಆದ್ದರಿಂದ ಕಳೆದ ತಿಂಗಳು ಹೆಂಡತಿಯೆದುರು ಎದೆಯುಬ್ಬಿಸಿ ಘೋಷಿಸಿದೆ: "ಸ್ಪೇನಿನ ಕೆಂಪು ವೈನಿಗೆ ಯಾವ ಊಟ ಹೊಂದುತ್ತೆ ಅನ್ನೋದನ್ನ ನನ್ನಷ್ಟು ತಿಳಿದೋನು ಈ ಬೀದೀಲಿ ಇನ್ನೊಬ್ಬ ಇರಬಾರದು, ನೋಡ್ತಿರು."

"ಈ ಬೀದೀಲಿ ಅದಕ್ಕೇಂತ ಯಾರು ಪೈಪೋಟಿಗೆ ನಿಂತಿದ್ದಾರೆ ರೀ?" ಎಂದಳು.

ಪೈಪೋಟಿಯಲ್ಲ, ಭಯ. ಮುದ್ರಣಾಲಯದಲ್ಲಿ ನನಗೆ ಕರಡು ತಿದ್ದುವುದನ್ನು ಕಲಿಸಿದ ಹಿರಿಯರು ನಿವೃತ್ತರಾಗುವವರಿದ್ದರು. ನನ್ನ ಕಣ್ಣು ತಪ್ಪಿಸಿ ಹೋದ ಎಷ್ಟೋ ದೋಷಗಳನ್ನು ಯಾರಿಗೂ ಹೇಳದೆ ತಿದ್ದಿ, ನನ್ನ ಕೆಲಸ ಉಳಿಸಿದವರು. ಎಂದೋ ಸ್ಪೇನಿನಿಂದ ತಂದಿದ್ದ ಬಾಟಲಿಯೊಂದನ್ನು ನನ್ನ ಕೈಗಿಟ್ಟು, "ಕೊನೇ ದಿನ ಆಫೀಸಿಂದ ನೇರ ನಿಮ್ಮನೆಗೇ ಬರ್ತೀನಿ, ಅವತ್ತು ತೆಗೆಯೋಣ. ನನ್ನ ಹತ್ರ ಇದ್ರೆ ಉಳಿಯಲ್ಲ ಕಣಯ್ಯಾ. ನೀನಾದ್ರೆ ನಂಬಿಕಸ್ಥ," ಎಂದಿದ್ದರು. ಅಂಥವರೆದುರು ಹೊಂದದ ಊಟ ಇಟ್ಟು ನಗೆಪಾಟಲಾಗುವುದೇ?

ಹಾಗಾಗಿ ಒಂದು ಭಾನುವಾರ ಪೂರ್ವಾಭ್ಯಾಸ ಇಟ್ಟುಕೊಂಡೆ. "ಒಂದೇ ಒಂದು ಗುಟುಕು. ಆಮೇಲೆ ಬಿರಡೆ ಹಾಕಿಟ್ಟುಬಿಡ್ತೀನಿ," ಎಂದು ಅದೇ ಬಾಟಲಿಯಿಂದ ಸ್ಟೀಲ್ ಲೋಟಕ್ಕೆ ಬಗ್ಗಿಸಿ, ಮೂಗಿಳಿಸಿ, ಕಣ್ಮುಚ್ಚಿ ವರ್ಣಿಸಿದೆ: "ಚೆರ್ರಿ ಹಣ್ಣು... ಹಳೇ ಮರ... ಹದ ಮಾಡಿದ ಚರ್ಮ..."

"ಚರ್ಮ ಅಂದ್ರೆ, ಚಪ್ಪಲೀನಾ?"

"ಹೌದು. ಆದ್ರೆ ಒಳ್ಳೇ ಚಪ್ಪಲಿ."

ಮೊದಲು ಹುರಿದ ಮೀನು. ಬಾಯಲ್ಲಿ ತುಕ್ಕು ಹಿಡಿದ ಮೊಳೆ ಇಟ್ಟುಕೊಂಡಂತಾಯಿತು. ಆ ಮೊಳೆ ಕೀಳಲು ಚೀಸು. ಆಹಾ! ಆದರೆ ಈ ಸುಖ ಚೀಸು ಬಂದದ್ದಕ್ಕೋ, ಮೀನು ಹೋದದ್ದಕ್ಕೋ? ಕರಡು ತಿದ್ದುವವನ ಧರ್ಮವೆಂದರೆ, ಮೊದಲು ಓದಬೇಕು, ಆಮೇಲೆ ಮೂಲದೊಂದಿಗೆ ತಾಳೆ ನೋಡಬೇಕು. ಮೂಲವೆಂದರೆ ಬರೀ ವೈನು. ಹೀಗೆ ಪ್ರತಿ ತುತ್ತಿಗೂ ತಾಳೆ ನೋಡುತ್ತಾ ಹೋದೆ.

"ಗುಟುಕು ಅಂದಿದ್ರಿ. ಇದು ಲೋಟ," ಎಂದಳು ಹೆಂಡತಿ.

"ಗುಟುಕಲ್ಲಿ ದೋಷ ಕಣ್ಣಿಗೆ ಬೀಳಲ್ಲ ಕಣೇ."

ಬದನೆಕಾಯಿ, ಅಣಬೆ, ಮೊಟ್ಟೆ ಎಲ್ಲವೂ ಸಾಲಾಗಿ ಬಂದು ನಪಾಸಾದವು. ಕಡೆಗೆ ಬೆಳ್ಳುಳ್ಳಿ ಹಾಕಿ ಹದವಾಗಿ ಸುಟ್ಟ ಕುರಿಮಾಂಸ ಬಂತು. ಕುರಿಯೂ ವೈನೂ ಬಾಲ್ಯದ ಗೆಳೆಯರಂತೆ ಅಪ್ಪಿಕೊಂಡವು. "ಸಿಕ್ತು, ಇದೇ," ಎಂದು ಎದ್ದು ನಿಂತು ತೀರ್ಪು ಕೊಟ್ಟು, ಕೊನೆಯ ತಾಳೆಗೆಂದು ಬಾಟಲಿ ಬಗ್ಗಿಸಿದೆ. ಒಂದು ಹನಿ ಬಿತ್ತು. ಅದೂ ಯೋಚನೆ ಮಾಡಿ ಬಿತ್ತು.

ಮರುದಿನದಿಂದ ಅಂಗಡಿ ಅಂಗಡಿ ಅಲೆದೆ. "ಈ ಹೆಸರಿಂದು ಇಲ್ಲಿಗೆ ಬರಲ್ಲ ಸಾರ್," ಎಂದ ಅಂಗಡಿಯವನು. "ಸ್ಪೇನಲ್ಲಿ ಕೇಳಿ ನೋಡಿ."

ನಿವೃತ್ತಿಯ ದಿನ ಸಂಜೆ ಹಿರಿಯರು ಆಫೀಸಿಂದ ನೇರ ಬಂದರು. ಕೈಯಲ್ಲಿ ಅವರ ಮೇಜಿನ ಸಾಮಾನು ತುಂಬಿದ ಒಂದು ರಟ್ಟಿನ ಡಬ್ಬಿ. ಕುರಿಮಾಂಸ ಅದ್ಭುತವಾಗಿ ಬೆಂದಿತ್ತು. ಅವರು ಕುರ್ಚಿ ಎಳೆದುಕೊಂಡು, "ತಗೊಂಬಾರಯ್ಯಾ ನಮ್ಮ ಸ್ಪೇನನ್ನ," ಎಂದರು. ನಾನು ಹೆಂಡತಿಯ ಮುಖ ನೋಡಿದೆ. ಅವಳು ಗೋಡೆಯ ಮುಖ ನೋಡಿದಳು. ಬೇರೆ ದಾರಿಯಿಲ್ಲದೆ ಎಲ್ಲವನ್ನೂ ಒಪ್ಪಿಸಿದೆ.

ಅವರು ರಟ್ಟಿನ ಡಬ್ಬಿಯನ್ನು ಕಾಲ ಬಳಿ ಸರಿಸಿಟ್ಟರು. ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಆಮೇಲೆ ಮೆಲ್ಲಗೆ, "ಹೋಗ್ಲಿ ಬಿಡು. ಕುಡಿಯೋದನ್ನ ಡಾಕ್ಟರು ಯಾವಾಗ್ಲೋ ಬಿಡಿಸಿದ್ದಾರೆ. ಬಿರಡೆ ತೆಗೆದಾಗ ಬರುತ್ತಲ್ಲ, ಆ ವಾಸನೆ ಒಂದ್ಸಲ ಸಾಕಿತ್ತು. ಸ್ಪೇನಿಗೆ ನಾನೂ ನಮ್ಮನೆಯವಳೂ ಜೊತೆಗೆ ಹೋಗಿದ್ವಿ. ಈಗ ಅವಳಿಲ್ಲ. ಖಾಲಿ ಬಾಟಲಿ ಇದ್ಯಾ? ಅದನ್ನೇ ಕೊಡು," ಎಂದರು.

ಓಡಿಹೋಗಿ ತಂದುಕೊಟ್ಟೆ. ಅವರು ಕಣ್ಮುಚ್ಚಿ, ಬಾಟಲಿಯ ಬಾಯಿಗೆ ಮೂಗಿಟ್ಟು, ಉಸಿರನ್ನು ದೀರ್ಘವಾಗಿ ಒಳಗೆಳೆದರು. ಕಣ್ಣು ತೆರೆದು ನನ್ನನ್ನೇ ನೋಡಿದರು.

"ಸೋಪು," ಎಂದರು.

"ತೊಳೆದಿಟ್ಟೆ ಸಾರ್," ಎಂದೆ. "ಬಿಸಿನೀರಲ್ಲಿ."

ಸೆರಗಿನೊಳಗಿಂದ ಹೆಂಡತಿಯ ಕೆಮ್ಮಿನಂಥದೇನೋ ಕೇಳಿಸಿತು. ಹಿರಿಯರು ಬಾಟಲಿಯನ್ನು ಪಕ್ಕಕ್ಕಿಟ್ಟು, ತಟ್ಟೆ ಎಳೆದುಕೊಂಡು, ಪಕ್ಕದಲ್ಲಿದ್ದ ನೀರಿನ ಲೋಟ ಎತ್ತಿದರು. ತುಟಿಯವರೆಗೆ ಹೋದ ಲೋಟ ಅಲ್ಲೇ ನಿಂತಿತು.

"ಇದನ್ನಾದ್ರೂ ನಾನು ಕುಡೀಬಹುದೇನಯ್ಯಾ? ಅಥವಾ ಇನ್ನೂ ತಾಳೆ ನೋಡೋದು ಬಾಕಿ ಇದ್ಯೋ?"